ಖಾಲಿ ಜಾಗದ ಓಕ್ ಮರ

ನನ್ನ ಅಮ್ಮನಿಗೆ ಕೆಲಸವಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಆ ಮಾತು ನೆನಪಾದರೆ ನನಗೆ ಈಗಲೂ ಮೈ ಉರಿಯುತ್ತದೆ. ಸಿಂಗಪುರದ ಯಿಶುನ್‌ನ ನಾಲ್ಕನೇ ಮಹಡಿಯ ಆ ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುತ್ತಿದ್ದವಳು ಅವಳು. ಡಿಕಾಕ್ಷನ್ ಇಳಿಸಿ, ಅಪ್ಪನ ಡಬ್ಬಿ ನನ್ನ ಡಬ್ಬಿ ತುಂಬಿ, ನನ್ನ ಜಡೆ ಹೆಣೆದು, ದೇವರ ದೀಪ ಹಚ್ಚಿ, ಏಳು ಗಂಟೆಗೆಲ್ಲ ಒಂದು ದಿನದಷ್ಟು ದುಡಿದಿರುತ್ತಿದ್ದಳು. ಆದರೂ ಶಾಲೆಯ ಫಾರ್ಮುಗಳಲ್ಲಿ ಅವಳ ಹೆಸರಿನ ಮುಂದೆ ಹೌಸ್‌ವೈಫ್ ಎಂದೇ ಬರೆಯಲಾಗುತ್ತಿತ್ತು, ಬರೆಯುತ್ತಿದ್ದವನು ಅಪ್ಪ. ಅವಳು ಮೈಸೂರಿನ ಕಾಲೇಜೊಂದರಲ್ಲಿ ಎಂಟು ವರ್ಷ ಸಸ್ಯಶಾಸ್ತ್ರ ಪಾಠ ಮಾಡಿದ್ದವಳು. ಅಪ್ಪನಿಗೆ ತಂಜಾಂಗ್ ಪಗಾರಿನ ಬ್ಯಾಂಕೊಂದರಲ್ಲಿ ಕಂಪ್ಯೂಟರ್ ಕೆಲಸ ಸಿಕ್ಕಿ ನಾವು ಸಿಂಗಪುರಕ್ಕೆ ಬಂದಾಗ, ಅವಳ ಪುಸ್ತಕಗಳೂ ಒಣಗಿಸಿ ಅಂಟಿಸಿದ ಎಲೆಗಳ ಹಾಳೆಗಳೂ ಮೂರು ರಟ್ಟಿನ ಪೆಟ್ಟಿಗೆಗಳಲ್ಲಿ ನಮ್ಮ ಜೊತೆ ಬಂದವು. ಅವಕ್ಕೆ ಸಿಕ್ಕ ಜಾಗ ಅಡುಗೆಮನೆಯ ಪಕ್ಕದ, ಕಬ್ಬಿಣದ ಬಾಗಿಲಿನ ಪುಟ್ಟ ಸ್ಟೋರ್‌ರೂಮು, ಅಕ್ಕಿ ಚೀಲಗಳ ಹಿಂದೆ. ಅವಳು ಕೆಲಸಕ್ಕೆ ಹಲವು ಕಡೆ ಅರ್ಜಿ ಹಾಕಿದಳು. ಒಂದೆರಡು ಕಡೆಯಿಂದ ಉತ್ತರ ಬಂತು, ಥ್ಯಾಂಕ್ ಯೂ ಎಂದು ಶುರುವಾಗಿ ಥ್ಯಾಂಕ್ ಯೂ ಎಂದೇ ಮುಗಿಯುವ ಉತ್ತರ. ಆಮೇಲೆ ಅರ್ಜಿ ಬರೆಯುವುದನ್ನೇ ಬಿಟ್ಟಳು. ಮನೆಗೆ ಬರುವ ಕನ್ನಡದ ಆಂಟಿಯರೆಲ್ಲ ಅವಳನ್ನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, ಇಡೀ ದಿನ ಟೈಮ್ ಹೇಗೆ ಪಾಸ್ ಮಾಡ್ತೀರಾ ಎಂದು. ಅಮ್ಮ ನಕ್ಕು ಅವರ ತಟ್ಟೆಗೆ ಇನ್ನೊಂದು ಚಕ್ಕುಲಿ ಹಾಕುತ್ತಿದ್ದಳು. ಆ ನಗು ನನಗೆ ಹಿಡಿಸುತ್ತಿರಲಿಲ್ಲ.

ನಾನು ಪ್ರೈಮರಿ ನಾಲ್ಕರಲ್ಲಿದ್ದ ವರ್ಷ ಅವಳಿಗೆ ಆ ಮರ ಸಿಕ್ಕಿತು. ನಮ್ಮ ಬ್ಲಾಕಿನ ಹಿಂದೆ ದೊಡ್ಡ ಮೋರಿ, ಅದರಾಚೆ ಯಾರೂ ಕಾಲಿಡದ ಸಣ್ಣದೊಂದು ಕಾಡಿನ ತುಂಡು. ಮಾರ್ಕೆಟ್ಟಿನಿಂದ ಬರುವಾಗ ಬಿಸಿಲು ತಪ್ಪಿಸಲು ನಾವು ಅದರ ಅಂಚಿನ ಕಾಲುದಾರಿ ಹಿಡಿಯುತ್ತಿದ್ದೆವು. ಒಂದು ಶನಿವಾರ ಅಮ್ಮನ ಚಪ್ಪಲಿಯಡಿ ಏನೋ ಉರುಳಿ ಅವಳು ಜಾರಿದಳು. ಬೀಳಲಿಲ್ಲ. ಬಗ್ಗಿ ಆ ವಸ್ತುವನ್ನು ಎತ್ತಿಕೊಂಡಳು. ಗೋಲಿಗಿಂತ ದೊಡ್ಡದಾದ, ಪಾಲಿಶ್ ಮಾಡಿದಂತೆ ಹೊಳೆಯುವ ಕಂದು ಕಾಯಿ, ಕೆಳಗೆ ಒರಟಾದ ಪುಟ್ಟ ಬಟ್ಟಲು.

"ಏನಾಯ್ತಮ್ಮ?" ಎಂದೆ.

"ಇರು. ಒಂದು ನಿಮಿಷ ಮಾತಾಡ್ಬೇಡ."

ಅವಳು ತಲೆಯೆತ್ತಿ ಮರವನ್ನು ನೋಡಿದಳು. ಆಮೇಲೆ ತರಕಾರಿ ಚೀಲವನ್ನು ಹಾಗೇ ನೆಲಕ್ಕಿಟ್ಟು ಬೇರಿನ ಮೇಲೆ ಕುಳಿತುಬಿಟ್ಟಳು.

"ಇದು ಓಕ್ ಕಣೇ."

"ಓಕ್ ಇಂಗ್ಲೆಂಡ್‌ನಲ್ಲಿ ಇರೋದು ಲಾ," ಎಂದೆ, ಶಾಲೆಯ ಸಿಂಗಪುರದ ಮಕ್ಕಳ ಹಾಗೆ ಕೊನೆಗೊಂದು ಲಾ ಸೇರಿಸಿ.

"ಅಲ್ಲೂ ಇದೆ. ಈ ಕಡೆ ಕಾಡುಗಳಲ್ಲೂ ಅದೇ ಕುಟುಂಬದ ಮರಗಳಿವೆ, ಸ್ಟೋನ್ ಓಕ್ ಅಂತಾರೆ. ಕಾಯಿ ಕಲ್ಲಿನ ಥರ ಗಟ್ಟಿ ಇದೆ ನೋಡು. ಎಂಟು ವರ್ಷ ಬೋರ್ಡ್ ಮೇಲೆ ಇದರ ಚಿತ್ರ ಬರ್ದಿದೀನಿ. ಮರಾನ ಇವತ್ತೇ ನೋಡ್ತಿರೋದು."

ಅವಳು ಕಾಂಡಕ್ಕೆ ಅಂಗೈ ಇಟ್ಟಳು. ಎಲೆಯೊಂದನ್ನು ತಿರುಗಿಸಿ ನರಗಳನ್ನು ಎಣಿಸಿದಳು. ಚಿತ್ರಪುಸ್ತಕದ ಓಕ್ ಎಲೆಯ ಹಾಗೆ ಅಂಚು ಅಲೆಅಲೆಯಾಗಿರಲಿಲ್ಲ. ಉದ್ದವಾಗಿ, ದಪ್ಪವಾಗಿ, ತೊಗಲಿನಂತಿತ್ತು. ನನಗೆ ಹಸಿವಾಗಿತ್ತು, ಸೊಳ್ಳೆ ಕಚ್ಚುತ್ತಿತ್ತು, ಚೀಲದಲ್ಲಿ ಪಾಲಕ್ ಬಾಡುತ್ತಿತ್ತು. ಆದರೆ ಅಮ್ಮನ ಮುಖದಲ್ಲಿ ಅಂಥ ಬೆಳಕನ್ನು ನಾನು ಆ ದೇಶದಲ್ಲಿ ಅದುವರೆಗೆ ನೋಡಿರಲಿಲ್ಲ. ಹಾಗಾಗಿ ಸುಮ್ಮನೆ ನಿಂತೆ. ಆ ದಿನ ಅವಳ ದುಪಟ್ಟಾದ ತುದಿಯಲ್ಲಿ ಗಂಟು ಕಟ್ಟಿಕೊಂಡು ಕಾಯಿಗಳು ಮನೆಗೆ ಬಂದವು.

ಅಕ್ಕಿ ತೊಳೆಯುವ ಪಾತ್ರೆಯಲ್ಲಿ ನೀರು ತುಂಬಿ ಅವಳು ಕಾಯಿಗಳನ್ನು ಸುರಿದಳು. ತೇಲಿದವನ್ನು ತೆಗೆದು ಬಿಸಾಡಿದಳು. ಅವುಗಳ ಒಳಗೆ ಹುಳ ತಿಂದು ಟೊಳ್ಳಾಗಿರುತ್ತದಂತೆ. ಮುಳುಗಿದವನ್ನು ಅಂದೇ ನೆಡಬೇಕು, ಒಣಗಿದರೆ ಸತ್ತುಹೋಗುತ್ತವೆ ಎಂದಳು. ಹಾಲಿನ ಖಾಲಿ ಡಬ್ಬಗಳ ತಳಕ್ಕೆ ದಬ್ಬಳದಿಂದ ತೂತು ಮಾಡುವುದು ನನ್ನ ಕೆಲಸ. ಮರದ ಬುಡದಿಂದ ತಂದ ಮಣ್ಣಿಗೆ ತೆಂಗಿನ ನಾರಿನ ಪುಡಿ ಬೆರೆಸಿ, ಪ್ರತಿ ಕಾಯನ್ನೂ ಅಡ್ಡಲಾಗಿ ಮಲಗಿಸಿ, ಮೇಲೆ ಒಂದು ಬೆರಳಿನಷ್ಟು ಮಣ್ಣು ಮುಚ್ಚಿದಳು. ಡಬ್ಬಗಳು ನಮ್ಮ ಬಾಗಿಲಿನಿಂದ ಹೊರಟು ಕಾರಿಡಾರಿನ ಗೋಡೆಗೆ ಒತ್ತಿಕೊಂಡು ಪಕ್ಕದ ಮನೆಯ ಲಿಮ್ ಆಂಟಿಯ ಬಾಗಿಲಿನವರೆಗೂ ಸಾಲಾಗಿ ನಿಂತವು. ಲಿಮ್ ಆಂಟಿ ಕಲ್ಲಾಂಗ್‌ನ ಹೊಲಿಗೆ ಫ್ಯಾಕ್ಟರಿಯಲ್ಲಿ ದುಡಿದು ರಿಟೈರ್ ಆದವರು, ಒಬ್ಬರೇ ಇರುತ್ತಿದ್ದರು. ಕಾಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿ, ತಮ್ಮ ತುಂಡು ಇಂಗ್ಲಿಷಿನಲ್ಲಿ, ಚಿಕ್ಕವರಿದ್ದಾಗ ಹಳ್ಳಿಯಲ್ಲಿ ಇದಕ್ಕೆ ಕಡ್ಡಿ ಚುಚ್ಚಿ ಬುಗುರಿ ಆಡುತ್ತಿದ್ದೆವು ಎಂದರು. ಅಂದಿನಿಂದ ಕೊನೆಯ ನಾಲ್ಕು ಡಬ್ಬಗಳಿಗೆ ನೀರು ಹಾಕುವುದು ಅವರ ಪಾಲಿಗೆ ಬಂತು. ವಾರಗಳು ಕಳೆದರೂ ಏನೂ ಮೇಲೆ ಬರಲಿಲ್ಲ. ತಡೆಯಲಾರದೆ ಒಂದು ದಿನ ನಾನು ಚಮಚದಿಂದ ಒಂದು ಡಬ್ಬ ಅಗೆದುಬಿಟ್ಟೆ. ಕಾಯಿ ಬಿರಿದಿತ್ತು. ಬಿಳಿಯ ಬೇರು ನನ್ನ ಕಿರುಬೆರಳಿನಷ್ಟುದ್ದ ಕೆಳಗಿಳಿದಿತ್ತು. ಬೈಯುತ್ತಾಳೆಂದು ಹೆದರಿ ಅಮ್ಮನನ್ನು ಕರೆದರೆ, ಅವಳು ಮೊಣಕಾಲೂರಿ ನೋಡಿ, ನನ್ನ ಕೈಯಿಂದಲೇ ಅದನ್ನು ಮುಚ್ಚಿಸಿದಳು. ಸಂಜೆ ಅಪ್ಪ ಬಂದಾಗ ಈ ಸುದ್ದಿ ಹೇಳಿದಳು. ಅಪ್ಪ ಶೂ ಬಿಚ್ಚುತ್ತ, ಎದುರು ಬ್ಲಾಕಿನ ಹೆಗಡೆಯವರು ಕಾಂಡೋ ಬುಕ್ ಮಾಡಿದರಂತೆ ಎಂದ; ಕಾಂಡೋ ಎಂದರೆ ಅಲ್ಲಿ ಸಿರಿವಂತರ ಖಾಸಗಿ ಅಪಾರ್ಟ್‌ಮೆಂಟು.

ಆ ಟರ್ಮಿನಲ್ಲೇ ಶಾಲೆಯಲ್ಲಿ ನಿಮ್ಮ ಮನೆಯ ಹತ್ತಿರದ ಐದು ಮರಗಳ ಹೆಸರು ಬರೆಯಿರಿ ಎಂಬ ವರ್ಕ್‌ಶೀಟ್ ಕೊಟ್ಟರು. ನಾನು ಮೊದಲು ಬರೆದದ್ದು ಓಕ್. ಟೀಚರ್ ಅದರ ಮೇಲೆ ಕೆಂಪು ಗೀಟು ಹಾಕಿ ಕೊಟ್ಟರು. ಮರುದಿನ ಕಾಯಿ ತೆಗೆದುಕೊಂಡು ಹೋಗಿ ತೋರಿಸಿದೆ. ಯಾರೋ ಫಾರಿನ್ನಿಂದ ತಂದದ್ದಿರಬೇಕು ಎಂದು ಮೇಜಿನ ಮೂಲೆಗೆ ಸರಿಸಿದರು. ಇದನ್ನು ಕೇಳಿ ಅಮ್ಮ, ಎಲೆ ಅಂಟಿಸಿದ ಹಾಳೆ ಹಿಡಿದು, ಇಸ್ತ್ರಿ ಮಾಡಿದ ಕಾಟನ್ ಸೀರೆಯುಟ್ಟು ಶಾಲೆಗೆ ಬಂದಳು. ಟೀಚರ್ ಅವಳ ಜೊತೆ ಜೋರಾಗಿ, ನಿಧಾನವಾಗಿ, ಒಂದೊಂದೇ ಪದ ಬಿಡಿಸಿ ಮಾತಾಡಿದರು, ಕಿವಿ ಕೇಳದವರ ಜೊತೆ ಆಡುವಂತೆ. ಅದೇ ಇಂಗ್ಲಿಷಿನಲ್ಲಿ ಎಂಟು ವರ್ಷ ಪಾಠ ಮಾಡಿದ್ದವಳ ಜೊತೆ. ಕೊನೆಗೆ ನಿಮ್ಮ ಹಾಬಿ ತುಂಬ ಚೆನ್ನಾಗಿದೆ ಎಂದು ಹಾಳೆಯನ್ನು ವಾಪಸ್ಸು ಕೊಟ್ಟರು. ಕೆಂಪು ಗೀಟು ಹಾಗೇ ಉಳಿಯಿತು. ಬಾಗಿಲ ಹೊರಗೆ ನನ್ನ ಕ್ಲಾಸಿನವರು ಅಮ್ಮನ ಉಚ್ಚಾರಣೆಯನ್ನು ಅಣಕಿಸುತ್ತಿದ್ದರು. ಆ ಟೀಚರ್ ಮೇಲೆ ಇಷ್ಟು ವರ್ಷ ಹಲ್ಲು ಕಡಿದಿದ್ದೇನೆ, ಆದರೆ ಬಸ್ ಸ್ಟಾಪಿನಲ್ಲಿ ನಾನು ಏನಂದೆ ಎಂಬುದನ್ನೂ ಇಲ್ಲಿ ಬರೆಯಬೇಕು.

"ನೀನು ಇನ್ಮೇಲೆ ಸ್ಕೂಲಿಗೆ ಬರ್ಬೇಡ," ಎಂದೆ. "ಎಲ್ರೂ ಲಾಫ್ ಮಾಡ್ತಾರೆ."

"ಸರಿ," ಎಂದಳು ಅಮ್ಮ. ನನ್ನ ಬ್ಯಾಗನ್ನು ತನ್ನ ಹೆಗಲಿಗೆ ಹಾಕಿಕೊಂಡಳು. ಆ ವರ್ಷ ಮತ್ತೆ ಬರಲಿಲ್ಲ.

ಅದು ಎಲ್ಲರೂ ಮೇಲೇರುತ್ತಿದ್ದ ಕಾಲ. ನಮ್ಮ ಪರಿಚಯದವರೆಲ್ಲ ಪ್ರಮೋಷನ್ ಆಗುತ್ತಿದ್ದರು, ಸ್ವಿಮ್ಮಿಂಗ್ ಪೂಲ್ ಇರುವ ಮನೆಗಳಿಗೆ ಶಿಫ್ಟ್ ಆಗುತ್ತಿದ್ದರು. ಊಟಕ್ಕೆ ಕುಳಿತರೆ ಅಪ್ಪನ ಬಾಯಲ್ಲಿ ಅದೇ ಮಾತು. ಸರ್ಕಾರ ಕಟ್ಟಿಸಿದ ಬ್ಲಾಕಿನ ನಮ್ಮ ಮನೆಯ ವಿಳಾಸ ಹೇಳಲು ಅವನಿಗೆ ಸಂಕೋಚವಾಗುತ್ತಿತ್ತು ಎಂದು ಈಗ ಅರ್ಥವಾಗುತ್ತದೆ. ಆಗ ಅರ್ಥವಾಗಿದ್ದರೂ ಕ್ಷಮಿಸುತ್ತಿರಲಿಲ್ಲ. ಒಂದು ಭಾನುವಾರ ಅವನ ಬಾಸ್ ಮತ್ತು ಆಫೀಸಿನವರು ಊಟಕ್ಕೆ ಬರುವುದೆಂದಾಯಿತು. ಅಮ್ಮ ಎರಡು ದಿನದಿಂದ ಅಡುಗೆಗೆ ನಿಂತಿದ್ದಳು, ಡಬ್ಬಗಳ ಕಡೆ ಬಗ್ಗಿ ನೋಡಲೂ ಪುರುಸೊತ್ತಿರಲಿಲ್ಲ. ಬಿಸಿಬೇಳೆಬಾತು, ಕೋಸಂಬರಿ, ಮಜ್ಜಿಗೆಹುಳಿ, ಒಬ್ಬಟ್ಟು. ಕೊನೇ ಗಳಿಗೆಯಲ್ಲಿ ಕೊತ್ತಂಬರಿ ಸೊಪ್ಪು ಸಾಲದೆ ನಾವಿಬ್ಬರೂ ಮಾರ್ಕೆಟ್ಟಿಗೆ ಹೋಗಿ ಬಂದೆವು. ಲಿಫ್ಟಿನಿಂದ ಹೊರಗೆ ಬಂದಾಗ ಕಾರಿಡಾರು ಉದ್ದಕ್ಕೂ ಖಾಲಿಯಿತ್ತು. ನೆಲ ಒರೆಸಿ ಇನ್ನೂ ಒದ್ದೆಯಾಗಿತ್ತು. ಅಮ್ಮ ನಿಂತಳು. ಲಿಮ್ ಆಂಟಿಯ ಬಾಗಿಲಿಗೆ ಬೀಗ ಹಾಕಿತ್ತು. ಭಾನುವಾರ ಅವರು ತಮ್ಮ ದೇವಸ್ಥಾನಕ್ಕೆ ಹೋಗುತ್ತಿದ್ದರು. ಅಷ್ಟರಲ್ಲಿ ಅತಿಥಿಗಳು ಇನ್ನೊಂದು ಲಿಫ್ಟಿನಿಂದ ಇಳಿದರು. ಅಮ್ಮ ಎಲ್ಲರಿಗೂ ಬಡಿಸಿದಳು. ಪ್ರತಿ ಒಬ್ಬಟ್ಟಿಗೂ ಒಂದೊಂದು ಚಮಚ ತುಪ್ಪ ಹಾಕಿದಳು. ನಾನು ಅವಳ ಮುಖವನ್ನೇ ನೋಡುತ್ತ ಒಂದು ತುತ್ತೂ ತಿನ್ನಲಿಲ್ಲ. ಬಾಸ್ ಹೆಂಡತಿ, ಯುವರ್ ಮದರ್ ಈಸ್ ಸೋ ಕಾಮ್ ಎಂದು ನನ್ನ ಕೆನ್ನೆ ತಟ್ಟಿದರು. ಅವರು ಹೋದ ಮೇಲೆ ಬಾಗಿಲು ಹಾಕಿ ಅಮ್ಮ ಕೇಳಿದಳು.

"ಎಲ್ಲಿಟ್ರಿ?"

"ಏನು?"

"ನನ್ನ ಗಿಡಗಳು."

"ಗಿಡ ಎಲ್ಲಿತ್ತು ಪ್ರಭಾ? ನಾಲ್ಕು ತಿಂಗಳಾಯ್ತು, ಒಂದೂ ಬಂದಿರ್ಲಿಲ್ಲ. ಬರೀ ಮಣ್ಣು. ಕಾರಿಡಾರ್ ಕ್ಲಿಯರ್ ಮಾಡಿ ಅಂತ ನೋಟೀಸ್ ಬೇರೆ ಅಂಟಿಸಿದಾರೆ. ಕಸಕ್ಕೆ ಹಾಕ್ದೆ."

"ಬೇರು ಬಿಟ್ಟಿತ್ತು ಅಂತ ಹೇಳಿದ್ದೆ."

"ಬೇರನ್ನ ಗೆಸ್ಟ್ಸ್‌ಗೆ ತೋರಿಸಕ್ಕಾಗತ್ತಾ?"

"ಒಂದು ಮಾತು ಕೇಳ್ಬಹುದಿತ್ತು."

"ಕೇಳಿದ್ರೆ ಬಿಡ್ತಿದ್ಯಾ ನೀನು?"

ಅಮ್ಮ ರೇಷ್ಮೆ ಸೀರೆಯಲ್ಲೇ ಕೆಳಗಿಳಿದಳು. ನಾನು ಹಿಂದೆ ಓಡಿದೆ. ಬ್ಲಾಕಿನ ಕಸದ ಕೋಣೆಯ ಮುಂದೆ ನೆಲ ತೊಳೆಯುತ್ತಿದ್ದ ಮುದುಕ, ಲಾರಿ ಬಂದು ಹೋಯಿತು ಎಂದು ಕೈಸನ್ನೆಯಲ್ಲಿ ತೋರಿಸಿದ. ಅವಳು ಅಳಲಿಲ್ಲ, ಕೂಗಾಡಲಿಲ್ಲ. ಮರುದಿನ ಬೆಳಿಗ್ಗೆ ಒಂದೇ ಲೋಟ ಕಾಫಿ ಮಾಡಿಕೊಂಡು ಅಡುಗೆಮನೆಯ ಕಿಟಕಿಯ ಬಳಿ ನಿಂತು ಕುಡಿದಳು. ಅಪ್ಪ ಸ್ನಾನ ಮುಗಿಸಿ ಬಂದು ಖಾಲಿ ಫಿಲ್ಟರ್ ನೋಡಿದ. ಶೂ ಹಾಕಿಕೊಂಡು ಆಫೀಸಿಗೆ ಹೋದ. ಊಟ, ಡಬ್ಬಿ, ಬಟ್ಟೆ ಎಲ್ಲವೂ ಮೊದಲಿನಂತೆ ನಡೆದವು. ಕಾಫಿ ಮಾತ್ರ ಇಲ್ಲ. ವರ್ಷಗಟ್ಟಲೆ ಅಪ್ಪ ಕೆಳಗಿನ ಕಾಫಿ ಅಂಗಡಿಯಲ್ಲಿ, ತನಗೆ ಸೇರದ ಕಂಡೆನ್ಸ್ಡ್ ಹಾಲಿನ ಕಾಫಿ ಕುಡಿದು ಹೋದ. ಅದು ಶಿಕ್ಷೆಯಾಗಿದ್ದರೆ ತೀರಾ ಸಣ್ಣದು ಎಂದು ನನಗನ್ನಿಸುತ್ತಿತ್ತು. ಹತ್ತು ವರ್ಷದ ನಾನು ಅವನ ಶೂಗಳನ್ನು ಅಡುಗೆಮನೆಯಿಂದ ಕಸ ಕೆಳಕ್ಕೆ ಬೀಳಿಸುವ ಕೊಳವೆಗೆ ಹಾಕುವುದನ್ನು ಗಂಭೀರವಾಗಿ ಯೋಚಿಸಿದ್ದೆ.

ಮುಂದಿನ ವರ್ಷ ಕಾಡಿನ ತುಂಡಿನ ಸುತ್ತ ತಗಡಿನ ಬೇಲಿ ಬಂತು. ಮೇಲೆ ಹೊಸ ಕಟ್ಟಡದ ಚಿತ್ರ; ಚಿತ್ರದಲ್ಲಿ ಈಜುಕೊಳ, ನಗುವ ಮಕ್ಕಳು, ಎಲ್ಲಿಯದೋ ತಾಳೆ ಮರಗಳು. ಅಮ್ಮ ಫೋನ್ ಮಾಡಿದಳು. ಒಂದು ಕಚೇರಿ ಇನ್ನೊಂದಕ್ಕೆ ಕಳಿಸಿತು, ಅದು ಮತ್ತೊಂದಕ್ಕೆ. ಕೊನೆಗೆ ಸಿಕ್ಕ ಅಧಿಕಾರಿ ಸಭ್ಯವಾಗಿಯೇ ಮಾತಾಡಿದ. ನಾನು ಇನ್ನೊಂದು ರಿಸೀವರಿನಲ್ಲಿ ಕೇಳಿಸಿಕೊಂಡೆ. ಮ್ಯಾಡಮ್, ನಮ್ಮ ದಾಖಲೆಯಲ್ಲಿ ಅದು ಖಾಲಿ ಜಾಗ ಎಂದ. ಅಲ್ಲಿ ಓಕ್ ಇದೆ ಎಂದಳು ಅಮ್ಮ. ನಮ್ಮ ಪಟ್ಟಿಯಲ್ಲಿ ಆ ಹೆಸರಿಲ್ಲ ಎಂದ. ಬಂದು ನೋಡಿ ಎಂದಳು. ನೀವು ಯಾವ ಸಂಸ್ಥೆಯವರು ಎಂದು ಕೇಳಿದ. ಪಕ್ಕದ ಬ್ಲಾಕಿನವಳು ಎಂದಳು ಅಮ್ಮ. ಖಾಲಿ ಜಾಗ. ನೂರು ವರ್ಷ ನಿಂತಿರಬಹುದಾದ ಮರ, ಅದರ ಟೊಂಗೆಯ ಹಕ್ಕಿಗಳು, ಬುಡದ ಅಣಬೆಗಳು, ದಿನವೂ ಅದನ್ನು ನೋಡಿ ಬರುತ್ತಿದ್ದ ನನ್ನ ಅಮ್ಮ, ಇವೆಲ್ಲ ಸೇರಿ ಖಾಲಿ. ಆ ಪದವನ್ನು ಯಾರು ಬಳಸಿದರೂ ನಾನು ಈಗಲೂ ಜಗಳಕ್ಕೆ ನಿಲ್ಲುತ್ತೇನೆ.

ಉಳಿದದ್ದು ಬೀಜ ಮಾತ್ರ. ಮರದಲ್ಲಿ ಕಾಯಿ ಇತ್ತು, ಬಲಿತಿರಲಿಲ್ಲ. ಬೇಲಿಯ ಗೇಟಿನಲ್ಲಿದ್ದ ಮೇಸ್ತ್ರಿ ತಮಿಳಿನವನು. ಅಮ್ಮ ತನ್ನ ಹರಕು ತಮಿಳಿನಲ್ಲಿ ಅವನ ಜೊತೆ ದಿನಾ ಮಾತಾಡಿ, ಆ ಮೂಲೆಯ ಮರಗಳನ್ನು ಕಡಿಯುವ ಸರದಿ ಯಾವಾಗ ಎಂದು ಕೇಳುತ್ತಿದ್ದಳು. ಮೂರು ವಾರ, ಎರಡು ವಾರ, ಶುಕ್ರವಾರ. ಗುರುವಾರ ಮಧ್ಯಾಹ್ನ, ನಾನು ಶಾಲೆಯಿಂದ ಬಂದ ಮೇಲೆ, ಕೆಲಸಗಾರರು ಊಟಕ್ಕೆ ಕುಳಿತಾಗ ಅವನು ಮೂರು ಹಳದಿ ಹೆಲ್ಮೆಟ್ ತಂದುಕೊಟ್ಟು, ಹದಿನೈದು ನಿಮಿಷ ಎಂದ. ಅಮ್ಮನ ಜಡೆಯ ಮೇಲೆ ಹೆಲ್ಮೆಟ್, ಕೆಂಪು ಬಕೆಟ್ ಹಿಡಿದ ಲಿಮ್ ಆಂಟಿಯ ತಲೆಯ ಮೇಲೆ ಒಂದು, ಕಣ್ಣಿನವರೆಗೂ ಮುಚ್ಚುವಂತೆ ನನ್ನ ತಲೆಯ ಮೇಲೆ ಒಂದು. ನಾವು ಮೂವರೂ ಬಗ್ಗಿ ಉದುರಿದ ಕಾಯಿಗಳನ್ನು ಹೆಕ್ಕಿದೆವು. ಲಿಮ್ ಆಂಟಿ ತಮ್ಮ ಭಾಷೆಯಲ್ಲಿ ಯಾರನ್ನೋ ಬೈಯುತ್ತಲೇ ಇದ್ದರು. ಅಮ್ಮ ಒಂದು ಕ್ಷಣ ಮರದ ಕಾಂಡವನ್ನು ತಬ್ಬಿ ನಿಂತದ್ದನ್ನು ನಾನು ನೋಡಿದೆ, ನೋಡದವಳಂತೆ ತಲೆ ತಗ್ಗಿಸಿದೆ. ಶುಕ್ರವಾರ ಶಾಲೆಯಿಂದ ಬರುವಷ್ಟರಲ್ಲಿ ಅಲ್ಲಿ ಆಕಾಶ ದೊಡ್ಡದಾಗಿತ್ತು.

ಬಕೆಟ್ಟಿನ ಕಾಯಿಗಳಲ್ಲಿ ಹೆಚ್ಚಿನವು ನೀರಿನಲ್ಲಿ ತೇಲಿದವು. ಮುಳುಗಿದವು ಒಂದು ಹಿಡಿಯಷ್ಟು.

"ನನ್ ಮನೇಲಿಡು," ಎಂದು ಲಿಮ್ ಆಂಟಿ ತಮ್ಮ ಇಂಗ್ಲಿಷಿನಲ್ಲಿ ಹೇಳಿದರು. "ನನ್ ಮನೇಲಿ ಗಂಡಸಿಲ್ಲ."

ಅವರ ಅಡುಗೆಮನೆಯ ಕಿಟಕಿಯ ಕೆಳಗೆ ಡಬ್ಬಗಳನ್ನಿಟ್ಟೆವು. ಐದನೇ ತಿಂಗಳಲ್ಲಿ ಮೊದಲನೆಯದು ಮಣ್ಣನ್ನು ಎತ್ತಿತು, ಆಮೇಲೆ ಇನ್ನೆರಡು. ಗಟ್ಟಿಯಾದ ಸಸಿಯ ಮೊದಲ ಎಲೆ ಕೆಂಪಗೇ ಇರುತ್ತದೆ ಎಂದಳು ಅಮ್ಮ. ಅಮ್ಮ ದಿನಾ ಮಧ್ಯಾಹ್ನ ಅಲ್ಲಿಗೆ ನೋಟ್‌ಬುಕ್ ತೆಗೆದುಕೊಂಡು ಹೋಗಿ ಅಳತೆ ಬರೆಯುತ್ತಿದ್ದಳು. ಲಿಮ್ ಆಂಟಿ ಅವಳಿಗೆ ಸಕ್ಕರೆಯಿಲ್ಲದ ಚಹಾ ಕೊಟ್ಟು ಎದುರಿಗೆ ಕುಳಿತಿರುತ್ತಿದ್ದರು. ಅವರಿಬ್ಬರಿಗೂ ಅರ್ಥವಾಗುವ ಇಂಗ್ಲಿಷ್ ನಾಲ್ಕು ಮಾತಿಗೆ ಸಾಲುವಷ್ಟೂ ಇರಲಿಲ್ಲ, ಆದರೂ ಅವರ ಮಾತು ಮುಗಿಯುತ್ತಿರಲಿಲ್ಲ. ಗಿಡಗಳು ಮೊಣಕಾಲೆತ್ತರ ಬಂದಾಗ ಲಿಮ್ ಆಂಟಿಯ ದೇವಸ್ಥಾನದ ಹಿತ್ತಲಲ್ಲಿ ನೆಟ್ಟರು. ಎರಡು ಸತ್ತವು. ಒಂದು ನಿಂತಿತು. ಅಷ್ಟರಲ್ಲಿ ಅಪ್ಪ ಕಲ್ಲಾಂಗ್ ಹೊಳೆ ಕಾಣುವ ಕಾಂಡೋ ತೆಗೆದುಕೊಂಡ, ನಾವು ಶಿಫ್ಟ್ ಆದೆವು. ಹೊಸ ಮನೆಯಲ್ಲಿ ಅಮ್ಮ ಮತ್ತೆ ಎರಡು ಲೋಟ ಕಾಫಿ ಮಾಡಲು ಶುರುಮಾಡಿದಳು. ಯಾಕೆ ಎಂದು ಕೇಳಿದ್ದಕ್ಕೆ, ಎಷ್ಟು ದಿನ ಅಂತ ನೆನಪಿಟ್ಕೊಂಡಿರ್ಲಿ, ಎಂದಳು. ಅವಳ ಪರವಾಗಿ ನಾನು ನೆನಪಿಟ್ಟುಕೊಂಡೆ.

ಲಿಮ್ ಆಂಟಿ ಈಗಿಲ್ಲ. ಮರ ಮೂರಾಳೆತ್ತರವಾಗಿದೆ, ಕಳೆದ ವರ್ಷ ಮೊದಲ ಸಲ ಕಾಯಿ ಬಿಟ್ಟಿತು. ಕೆಲವು ತಿಂಗಳ ಹಿಂದೆ ಬೆಂಗಳೂರಿನಿಂದ ಹೊಸದಾಗಿ ಬಂದ ಗಂಡಹೆಂಡತಿಯನ್ನು ಅಮ್ಮ ಊಟಕ್ಕೆ ಕರೆದಿದ್ದಳು. ನಾನೂ ಹೋಗಿದ್ದೆ. ರಿಟೈರ್ ಆದ ಅಪ್ಪನಿಗೆ ಈಗ ಮಾತು ಹೆಚ್ಚು. ಫೋನಿನಲ್ಲಿ ಮರದ ಫೋಟೋ ತೆಗೆದು ಅವರ ಮುಂದೆ ಹಿಡಿದ.

"ಇದು ಓಕ್. ಸಿಂಗಪುರದಲ್ಲಿ ಯಾರಿಗೂ ಗೊತ್ತಿಲ್ಲ. ನಾವೇ ಬೀಜದಿಂದ ಬೆಳೆಸಿದ್ದು, ಹಾಲಿನ ಡಬ್ಬದಲ್ಲಿ."

"ನಾವು ಅಂದ್ರೆ ಯಾರಪ್ಪ?" ಎಂದೆ.

"ನಾವು ಅಂದ್ರೆ ನಮ್ ಫ್ಯಾಮಿಲಿ."

"ಬರೀ ಮಣ್ಣು ಅಂತ ಕಸಕ್ಕೆ ಹಾಕಿದ್ದು ಯಾರು?"

"ಬಿಡೇ, ಊಟದ ಹೊತ್ತಲ್ಲಿ," ಎಂದಳು ಅಮ್ಮ.

"ಬಿಡಲ್ಲ. ಇಪ್ಪತ್ತು ವರ್ಷದಿಂದ ಬಿಟ್ಟಿದೀನಿ. ಬರೀ ಮಣ್ಣು ಅಂದ್ಯಲ್ಲ ಅಪ್ಪ, ಇವರಿಗೂ ಹೇಳು."

ಅತಿಥಿಗಳು ತಟ್ಟೆಯ ಕಡೆ ನೋಡಿದರು. ಅಪ್ಪ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದ. ಅವನು ವಾದಿಸುತ್ತಾನೆಂದು ನಾನು ಸಿದ್ಧಳಾಗಿ ಕುಳಿತಿದ್ದೆ. ನೋಟೀಸು, ಡಬ್ಬಗಳಿಂದ ಸೊಳ್ಳೆ, ಬಾಸ್, ಎಲ್ಲಕ್ಕೂ ನನ್ನ ಬಳಿ ಉತ್ತರವಿತ್ತು. ಅವನು ನನ್ನ ಕಡೆ ನೋಡಲೇ ಇಲ್ಲ. ಅಮ್ಮನಿಗೆ ಹೇಳಿದ.

"ಬರೀ ಮಣ್ಣಾಗಿರ್ಲಿಲ್ಲ. ಒಂದ್ರಲ್ಲಿ ಬಂದಿತ್ತು. ಡಬ್ಬ ಎತ್ತಿದಾಗ ನೋಡ್ದೆ. ಅವರೆಲ್ಲ ಬರೋ ಟೈಮ್ ಆಗಿತ್ತು."

ಅಮ್ಮ ಸೌಟನ್ನು ಪಾತ್ರೆಯಲ್ಲಿಟ್ಟಳು.

"ಎಷ್ಟು ಎಲೆ ಬಂದಿತ್ತು?" ಎಂದು ಕೇಳಿದಳು.

"ಎರಡು."

"ಬಣ್ಣ?"

"ಕೆಂಪಗೆ. ತಾಮ್ರದ ಥರ."

ಅಮ್ಮ ಅವನನ್ನು ನೋಡುತ್ತಲೇ ಇದ್ದಳು.

"ಬದುಕ್ತಿತ್ತು," ಎಂದಳು.